ಫೋನಿನಲ್ಲಿ ಕಾಣದ ತಂಗಿ

ಅಳತೆಯಮ್ಮನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಸೈಜು ನೆನಪಿರುತ್ತದೆ. ಬಸ್ಸಿನಲ್ಲಿ ಎದುರಿಗೆ ಕೂತವರನ್ನು ಒಮ್ಮೆ ನೋಡಿದರೆ ಸಾಕು, ಎದೆ ನಲವತ್ತೆರಡು, ಹೊಟ್ಟೆ ನಲವತ್ತೆಂಟು, ತೋಳು ಗಿಡ್ಡ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಒಂದೇ ಅಂಗಿಯ ನಮೂನೆಯನ್ನು ಆರು ಅಳತೆಗೆ ಹಿಗ್ಗಿಸಿ ಕುಗ್ಗಿಸಿದವಳು, ಇನ್ನೇನು ತಾನೇ ಮಾಡಿಯಾಳು? ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತು, ಚೆನ್ನಾಗಿದ್ದ ಕಿಟಕಿ ಪರದೆಗಳನ್ನೇ ಬಿಚ್ಚಿ ಬಿಚ್ಚಿ ಹೊಲಿದಳು.

ಕೊನೆಗೆ ಅವಳನ್ನು ಕರೆದದ್ದು ವೆಬ್‌ಸೈಟ್ ಮಾಡಿಕೊಡುವ ಒಂದು ಪುಟ್ಟ ಕಚೇರಿ. ಔಷಧಿ ಅಂಗಡಿಯ ಮೇಲಿನ ಮಹಡಿ, ಮೂರು ಮೇಜು, ಒಂದು ಫ್ಯಾನು, ಮತ್ತು ತನಗೆ ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಲು ಬೇಕಾದಷ್ಟು ಪುರುಸೊತ್ತಿದ್ದ ಮಾಲೀಕ. ಕಾರ್ಖಾನೆಯ ನಮೂನೆಗಳನ್ನು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದ ಅಳತೆಯಮ್ಮನಿಗೆ ಕೆಲಸ ಹೊಸದೇನಲ್ಲ. ಗೆರೆಗಳಿಂದ ಕಟ್ಟಿದ ವೆಕ್ಟರ್ ಚಿತ್ರವನ್ನು ಗೋಡೆಯಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ಅದನ್ನು ಫೋನಿಗೊಂದು, ಟ್ಯಾಬ್ಲೆಟ್ಟಿಗೊಂದು, ದೊಡ್ಡ ಪರದೆಗೊಂದು ಎಂದು ಮೂರು ಅಳತೆಯಲ್ಲಿ ತೆಗೆದಿಡಬೇಕು. ನೋಡುವವರ ಪರದೆಗೆ ತಕ್ಕದ್ದನ್ನು ವೆಬ್‌ಸೈಟೇ ಎತ್ತಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಚಿತ್ರಗಳಿಗೆ ಬುದ್ಧಿ ಹೇಳುವ ಕೆಲಸ, ಅಷ್ಟೇ. ಮೂರು ತಿಂಗಳು ಪರೀಕ್ಷೆ. ಗಿರಾಕಿಯಿಂದ ಒಂದೇ ಒಂದು ದೂರು ಬಂದರೂ ಮನೆಗೆ. ಮನೆಯಲ್ಲಿದ್ದ ಅತ್ತೆಗಂತೂ ನಂಬಿಕೆಯೇ ಬರಲಿಲ್ಲ. ಚಿತ್ರ ಚಿಕ್ಕದು ಮಾಡುವುದಕ್ಕೂ ಸಂಬಳ ಕೊಡುತ್ತಾರೆಯೇ, ದೂರ ನಿಂತು ನೋಡಿದರೆ ತಾನೇ ಚಿಕ್ಕದಾಗುವುದಿಲ್ಲವೇ ಎಂದು ಕೇಳಿದರು.

ಮೂರನೆಯ ತಿಂಗಳ ಕೊನೆಗೆ ಅಕ್ಕತಂಗಿಯರಿಬ್ಬರ ಕನ್ನಡಕದಂಗಡಿಯ ಕೆಲಸ ಬಂತು. ಮುಖಪುಟಕ್ಕೆ ಗೆರೆಗಳಲ್ಲಿ ಬರೆದ ಒಂದೇ ಚಿತ್ರ: ಇಬ್ಬರೂ ಕನ್ನಡಕ ಹಾಕಿಕೊಂಡು ಅಕ್ಕಪಕ್ಕ ನಿಂತು ನಗುತ್ತಿದ್ದಾರೆ. ಒಂದು ಗುಂಡಿ ಒತ್ತಿದರೆ ಮೂರು ಅಳತೆಯೂ ಬಂದುಬಿಡುತ್ತದೆ ಎಂದ ಮಾಲೀಕ. ಅಳತೆಯಮ್ಮ ಒತ್ತಿ ನೋಡಿದಳು. ಫೋನಿನ ಅಳತೆಯಲ್ಲಿ ಇಬ್ಬರೂ ಎರಡು ಸಾಸಿವೆ ಕಾಳು. ಕನ್ನಡಕದಂಗಡಿಯ ಚಿತ್ರದಲ್ಲಿ ಕನ್ನಡಕವೇ ಕಾಣದಿದ್ದರೆ ಯಾವ ಸೌಭಾಗ್ಯಕ್ಕೆ? ಅಂಗಿ ಚಿಕ್ಕದಾಯಿತೆಂದು ಗುಂಡಿಯನ್ನೂ ಅಷ್ಟೇ ಚಿಕ್ಕದು ಮಾಡಿದರೆ ಬೆರಳಿಗೆ ಸಿಗುತ್ತದೆಯೇ ಎಂದು ವಾದಿಸಿದಳು. ಮಾಲೀಕ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಸರಿ, ಅವಳೇ ತೀರ್ಮಾನ ಮಾಡಿದಳು. ದೊಡ್ಡ ಪರದೆಗೆ ಇಬ್ಬರೂ ಇರಲಿ, ಫೋನಿಗೆ ಒಬ್ಬರೇ ಸಾಕು. ಅಕ್ಕನ ಕನ್ನಡಕದ ಚೌಕಟ್ಟು ದಪ್ಪ, ಎದ್ದು ಕಾಣುತ್ತದೆ, ಅಕ್ಕ ಉಳಿದಳು. ತಂಗಿ ಕತ್ತರಿಗೆ ಹೋದಳು. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ಅಳತೆಯಮ್ಮ ಆ ದಿನ ಒಂದು ಲೋಟ ಚಹಾ ಹೆಚ್ಚಿಗೆ ಕುಡಿದಳು.

ಮುಂದಿನದು ಅಕ್ಕತಂಗಿಯರ ಬಾಯಿಂದಲೇ ತಿಳಿದದ್ದು. ಅಕ್ಕ ವೆಬ್‌ಸೈಟನ್ನು ನೋಡಿದ್ದು ಅಂಗಡಿಯ ಕಂಪ್ಯೂಟರಿನಲ್ಲಿ, ತಂಗಿ ನೋಡಿದ್ದು ತನ್ನ ಫೋನಿನಲ್ಲಿ. ನಾನು ಇಲ್ಲವೇ ಇಲ್ಲ ಎಂದಳು ತಂಗಿ. ನನ್ನ ಪಕ್ಕದಲ್ಲೇ ಮೂಗು ಸಮೇತ ನಿಂತಿದ್ದೀಯಲ್ಲ ಎಂದಳು ಅಕ್ಕ. ಬೇರೆಯವರಾಗಿದ್ದರೆ ಒಬ್ಬರ ಪರದೆಗೆ ಇನ್ನೊಬ್ಬರು ಇಣುಕುತ್ತಿದ್ದರು. ಇವರು ಕನ್ನಡಕದವರು. ಅಕ್ಕ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಳು. ತಂಗಿ ಕೊನೆಯ ಸಾಲಿನ ಕೆಳಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದಳು. ಆಮೇಲೆ ತಂಗಿ ಅಕ್ಕನನ್ನು ಕೂರಿಸಿದಳು. ಅವಳೂ ವಿಳಾಸದವರೆಗೆ ಬಂದಳು. ಹಾಗಾದರೆ ದೋಷ ಕನ್ನಡಕದ್ದೇ ಇರಬೇಕೆಂದು ಕನ್ನಡಕ ಅದಲು ಬದಲು ಮಾಡಿಕೊಂಡರು. ಆಮೇಲೆ ಇಬ್ಬರಿಗೂ ಏನೂ ಕಾಣಲಿಲ್ಲ.

ಅವರಿಬ್ಬರೂ ಕಚೇರಿಯ ಮೆಟ್ಟಿಲು ಹತ್ತಿ ಬಂದದ್ದು ಅಳತೆಯಮ್ಮನ ಪರೀಕ್ಷೆಯ ಕೊನೆಯ ದಿನ. ಮಾಲೀಕ ಇದು ಸರ್ವರ್ ಕಡೆಯ ದೋಷ, ನೆಟ್‌ವರ್ಕಿನದೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ಮಾತಾಡುತ್ತಲೇ ಕಂಪ್ಯೂಟರ್ ಪರದೆಯ ಮೇಲಿನ ವೆಬ್‌ಸೈಟಿನ ಕಿಟಕಿಯನ್ನು ಫೋನಿನಷ್ಟು ಅಗಲಕ್ಕೆ ಎಳೆದ. ತಂಗಿ ಮಾಯ. ಅಗಲ ಮಾಡಿದ, ಬಂದಳು. ಮತ್ತೆ ಎಳೆದ, ಹೋದಳು. ಅವನಿಗೆ ಅದೇ ಆಟವಾಯಿತು. ಐದನೆಯ ಸಲಕ್ಕೆ ತಂಗಿ ಅವನ ಕೈ ಹಿಡಿದು ನಿಲ್ಲಿಸಿದಳು.

ಸುಮ್ಮನಿದ್ದಿದ್ದರೆ ಅಳತೆಯಮ್ಮನ ಕೆಲಸ ಉಳಿಯುತ್ತಿತ್ತು. ಅವಳಿಗೆ ಸುಮ್ಮನಿರಲು ಆಗಲಿಲ್ಲ.

"ದೋಷ ಏನೂ ಅಲ್ಲಮ್ಮ. ನಿಮ್ಮನ್ನ ತೆಗೆದಿದ್ದು ನಾನೇ. ಜಾಗ ಸಾಲಲಿಲ್ಲ."

"ಚಿಕ್ಕಂದಿನಿಂದ ಇದೇ ಆಯ್ತು," ಎಂದಳು ತಂಗಿ. "ಸ್ಕೂಟರಲ್ಲಿ ಜಾಗ ಇಲ್ಲ, ನೀನು ಮನೇಲಿರು. ಮಂಚದಲ್ಲಿ ಜಾಗ ಇಲ್ಲ, ನೀನು ಕೆಳಗೆ ಮಲಗು. ಈಗ ಫೋನಲ್ಲೂ ಇಲ್ಲ."

ಮಾಲೀಕ ಅವರನ್ನು ಸಮಾಧಾನ ಮಾಡಲು, ಇವರು ಪರೀಕ್ಷೆಗೆಂದು ಬಂದವರು, ಇವತ್ತೇ ಕೊನೆ ಎಂದುಬಿಟ್ಟ. ಅಳತೆಯಮ್ಮನಿಗೆ ಅದಕ್ಕಿಂತ ನಾಚಿಕೆಯೇ ದೊಡ್ಡದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಬಟ್ಟೆ ಸಾಲದೆಂದು ಒಂದು ತೋಳನ್ನೂ ಬಿಟ್ಟವಳಲ್ಲ. ನಮೂನೆಯನ್ನು ಉದ್ದಕ್ಕೋ ಅಡ್ಡಕ್ಕೋ ತಿರುಗಿಸಿ ಹೇಗಾದರೂ ಹೊಂದಿಸಿದವಳು ಇಲ್ಲಿ ಒಬ್ಬ ಇಡೀ ಹೆಂಗಸನ್ನೇ ಬಿಟ್ಟಿದ್ದಳು. ಹದಿನೈದು ನಿಮಿಷ ಕೊಡಿ ಎಂದು ಕೇಳಿಕೊಂಡು ಕೂತಳು. ಫೋನು ಅಗಲವಿಲ್ಲದಿದ್ದರೇನು, ಉದ್ದವಿದೆಯಲ್ಲ. ತಂಗಿಯನ್ನು ಮೇಲಿಟ್ಟಳು, ಅಕ್ಕನನ್ನು ಕೆಳಗಿಟ್ಟಳು, ಎರಡೂ ಮುಖ ಪರದೆಯ ಅಗಲ ತುಂಬುವಂತೆ ಹಿಗ್ಗಿಸಿ ಹೊಸ ಚಿತ್ರ ತೆಗೆದಳು.

ತಂಗಿ ಫೋನ್ ನೋಡಿದಳು. ಬಹಳ ಹೊತ್ತು ನೋಡಿ, ನನ್ನ ಮೂಗು ಇಷ್ಟು ದಪ್ಪವೇ, ಒಂದು ಚೂರು ಚಿಕ್ಕದು ಮಾಡಲಾಗುತ್ತದೆಯೇ ಎಂದು ಕೇಳಿದಳು. ಅಕ್ಕ ಫೋನ್ ಕಸಿದುಕೊಂಡು, ಬೆರಳಿನಿಂದ ಮೇಲಕ್ಕೆ ತಳ್ಳಿ ತಳ್ಳಿ, ತನ್ನ ಮುಖ ಸಿಕ್ಕಿದ ಮೇಲೆ ತಂಗಿಯ ಕಡೆ ತಿರುಗಿದಳು. ಫೋನನ್ನು ಅವಳ ಕೈಗೇ ಕೊಟ್ಟಳು. ಮಾಲೀಕನ ಕಡೆ ತಿರುಗಿದಳು.

"ಒಬ್ಬರನ್ನ ತೆಗೆದಿದ್ದಕ್ಕೇ ಇಷ್ಟೆಲ್ಲ ಆಯ್ತು. ಈಗ ಇವರನ್ನೂ ತೆಗೀಬೇಡಿ."

ಮಾಲೀಕ ತಲೆ ಕೆರೆದುಕೊಂಡ. ಆಮೇಲೆ ಸೋಮವಾರ ಹತ್ತು ಗಂಟೆಗೆ ತಡಮಾಡದೆ ಬನ್ನಿ ಎಂದ. ಅಳತೆಯಮ್ಮ ಹೂಂ ಎಂದು, ಕಣ್ಣೊರೆಸಿಕೊಂಡು, ತಂಗಿಯ ಮೂಗಿನ ಗೆರೆಯನ್ನು ಒಂದು ಕೂದಲೆಳೆಯಷ್ಟು ಒಳಗೆ ಎಳೆಯತೊಡಗಿದಳು.