ಕೈಯಲ್ಲೇ ನಿಂತ ಮೂರ್ಛೆ

ಇವತ್ತು ಬೆಳಿಗ್ಗೆ ಹಳೆಯ ಪ್ಯಾಂಟೊಂದನ್ನು ಒಗೆಯಲು ಹಾಕುವಾಗ ಜೇಬಿನಿಂದ ಕಬ್ಬಿಣದ ಕೀಲಿಕೈ ಬಿತ್ತು. ಮನೆಯ ಯಾವ ಬೀಗಕ್ಕೂ ಅದು ಹೊಂದುವುದಿಲ್ಲ. ಬೀಗಕ್ಕೆಂದು ನಾನು ಇಟ್ಟುಕೊಂಡದ್ದೂ ಅಲ್ಲ. ಅದು ನಮ್ಮಕ್ಕನ ಅಂಗೈಗೆ.

ಅಕ್ಕನ ಹೆಸರು ಗಿರಿಜವ್ವ. ಭಾಗ್ಯನಗರದ ಮನೆಯಲ್ಲಿ ನಾವಿಬ್ಬರೇ. ಅವಳು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ನಾನು ಮುನಿರಾಬಾದಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಇಪ್ಪತ್ತರ ವಯಸ್ಸಿನಿಂದ ಅವಳಿಗೆ ಮೂರ್ಛೆ. ಬರುವುದು ಯಾವಾಗಲೂ ಒಂದೇ ದಾರಿಯಲ್ಲಿ. ಮೊದಲು ಎಡಗೈ ಹೆಬ್ಬೆರಳು ಪಟಪಟ ಅದುರುತ್ತದೆ, ಅಲ್ಲಿಂದ ಮಣಿಕಟ್ಟು, ಭುಜ, ಬಾಯಿಯ ಮೂಲೆ, ಆಮೇಲೆ ಇಡೀ ಮೈ. ನೆಲಕ್ಕೆ ಬೀಳುವುದರೊಳಗೆ "ತಮ್ಮಾ" ಅನ್ನುವಷ್ಟೇ ಹೊತ್ತು. ನಾನು ಓಡಿಬಂದು ಮುಷ್ಟಿ ಬಿಡಿಸಿ ಕೀಲಿಕೈ ತುರುಕುತ್ತಿದ್ದೆ. ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು. ನನ್ನ ಬಗ್ಗೆ ನನಗೆ ಎಂಥ ಹೆಮ್ಮೆ ಅಂತೀರಿ!

ಒಮ್ಮೆ ಒಲೆಯ ಮುಂದೆಯೇ ಬಿದ್ದಳು. ಮೊಣಕೈ ಕಾದ ಹಂಚಿನ ಮೇಲೆ. ಗಾಯ ಮಾಯಲು ತಿಂಗಳು ಹಿಡಿಯಿತು. ಅಂದಿನಿಂದ ನನ್ನ ಕಾಯಿದೆಗಳು ಶುರುವಾದವು: ಒಲೆ ಹಚ್ಚಬೇಡ, ಒಬ್ಬಳೇ ಸಂತೆಗೆ ಹೋಗಬೇಡ, ಬಚ್ಚಲಿನ ಚಿಲಕ ಹಾಕಬೇಡ. ಅಕ್ಕ ಎಲ್ಲ ಕೇಳಿ, "ಉಸಿರು ಆಡ್ಲ್ಯೋ ಬ್ಯಾಡೋ, ಅದನ್ನೂ ಹೇಳಿಬಿಡು" ಅಂದಳು. ಮರುದಿನವೇ ಮತ್ತೆ ಒಲೆ ಹಚ್ಚಿದಳು.

ಗುಳಿಗೆಗಳು ಬದಲಾದವು, ಫಿಟ್ಸ್ ಬದಲಾಗಲಿಲ್ಲ. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ನಮ್ಮ ಕಡೆಯವರೇ, ಯಲಬುರ್ಗಾದವರು. ತಲೆಗೆಲ್ಲ ವೈರು ಅಂಟಿಸಿ, ಕ್ಯಾಮೆರಾದ ಮುಂದೆ ಕೆಲವು ದಿನ ಅಕ್ಕನನ್ನು ಇಟ್ಟುಕೊಂಡು ನೋಡಿ, ಚೀಟಿಯ ಹಿಂದೆ ಮಿದುಳಿನ ಚಿತ್ರ ಬರೆದರು.

"ನೋಡ್ರಿ ಅಕ್ಕಾರ, ಇದು ಹುಟ್ಟೋದು ಮ್ಯಾಲಿನ ಪದರದಾಗ, ಕೈ ಆಡಿಸೋ ಜಾಗಾದಾಗ. ಕೊಯ್ದು ತಗದ್ರ ಕೈನೇ ಹೋಗತೈತಿ. ಆದ್ರ ತಲಿಯೊಳಗ, ಭಾಳ ಆಳದಾಗ, ಥಾಲಮಸ್ ಅಂತ ಒಂದು ಗಂಟು ಐತಿ. ಮಿದುಳಿನ ಎಲ್ಲಾ ಕಡೀಗೂ ಅದರ ಸಂಪರ್ಕ. ಫಿಟ್ಸ್ ಅಲ್ಲಿಗೆ ಮುಟ್ಟಿತಂದ್ರ ಎರಡೂ ಬಾಜೂ ಹಬ್ಬತೈತಿ."

ಅಕ್ಕ ಚಿತ್ರವನ್ನು ತಿರುಗಿಸಿ ನೋಡಿದಳು. "ಅಂದ್ರ ನಮ್ಮ ಓಣಿ ಮಲ್ಲವ್ವ ಇದ್ದಂಗ. ಜಗಳ ಯಾರ ಮನ್ಯಾಗರ ಹುಟ್ಟಲಿ, ಆಕಿ ಕಿವಿಗೆ ಬಿತ್ತಂದ್ರ ಊರಿಗೆಲ್ಲ ಗೊತ್ತು."

ಡಾಕ್ಟರಮ್ಮ ಜೋರಾಗಿ ನಕ್ಕರು. "ಹೌದ್ರಿ, ಆಕೀನ! ಅಲ್ಲಿ ಎರಡು ಸಣ್ಣ ತಂತಿ ಇಟ್ಟು ಸ್ವಲ್ಪ ಸ್ವಲ್ಪ ಕರೆಂಟ್ ಕೊಡ್ತೀವಿ. ಪೂರಾ ವಾಸಿ ಆಗತೈತಿ ಅಂತ ಹೇಳಂಗಿಲ್ಲ. ಹಬ್ಬೋದು ಕಡಿಮಿ ಆಗಬಹುದು." ಆಮೇಲೆ ನನ್ನ ಕಡೆ ತಿರುಗಿ, ಫಿಟ್ಸ್ ಬಂದಾಗ ನೀವೇನು ಮಾಡುತ್ತೀರಿ ಅಂದರು. ನಾನು ಕೀಲಿಕೈ ತೆಗೆದು ತೋರಿಸಿದೆ.

"ಅದು ತಾನಾ ನಿಲ್ಲತೈತ್ರಿ. ಹೆಸರು ಮಾತ್ರ ಕೀಲಿಕೈಗೆ. ಮಗ್ಗಲಕ್ಕ ಹೊರಳಿಸಿ ಮಲಗಿಸ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ. ಐದು ನಿಮಿಷಕ್ಕೂ ನಿಲ್ಲಲಿಲ್ಲಂದ್ರ ದವಾಖಾನಿಗೆ ಕರಕೊಂಡು ಓಡ್ರಿ."

ನಲವತ್ತು ವರ್ಷದ ನನ್ನ ವೈದ್ಯಕೀಯ ಅಲ್ಲಿಗೆ ಮುಗಿಯಿತು.

ತಲೆಬುರುಡೆ ಕೊರೆಯುತ್ತಾರೆ ಅನ್ನುವುದನ್ನು ನೆನೆದೇ ನನಗೆ ಬೆವರು. ಸಹಿಯ ಕಾಗದ ಹಿಡಿದು ನಾನು ಮೀನಮೇಷ ಎಣಿಸುತ್ತಿದ್ದಾಗ ಅಕ್ಕ ಪೆನ್ನು ಕಸಿದುಕೊಂಡಳು. "ಬೀಳಾಕಿ ನಾನು. ಸಹಿನೂ ನಂದ."

ತಂತಿಗಳು ಒಳಗೆ ಹೋದವು, ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ ಕೂತಿತು. ಮೊದಲ ಕೆಲವು ತಿಂಗಳು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾನಂತೂ ಆಸೆ ಬಿಟ್ಟಿದ್ದೆ.

ಹೀಗಿರುವಾಗ ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹೆಬ್ಬೆರಳು ಅದುರಿತು. ನಾನು ಎದ್ದೆ. "ಕುಂದರು" ಅಂದಳು. ಅದುರು ಮಣಿಕಟ್ಟಿಗೆ ಬಂತು. ಇಬ್ಬರೂ ಆ ಕೈಯನ್ನೇ ನೋಡುತ್ತಿದ್ದೆವು. ಮೊಣಕೈಗೆ ಬರಲಿಲ್ಲ. ಮೆಲ್ಲಗೆ ಕಡಿಮೆಯಾಗಿ, ಬೆರಳು ಸುಮ್ಮನಾಯಿತು.

"ಅಲ್ಲೇ ನಿಂತೈತಿ, ತಮ್ಮಾ" ಅಂದಳು. ಅಳಲಿಲ್ಲ. ಅತ್ತವನು ನಾನು. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು.

ಈಗಲೂ ಬರುತ್ತದೆ, ಬಹಳ ಸಲ ಕೈಯಲ್ಲೇ ನಿಲ್ಲುತ್ತದೆ. ಇವತ್ತು ಅಕ್ಕ ಒಬ್ಬಳೇ ಬಸ್ಸು ಹತ್ತಿ ಕುಷ್ಟಗಿಗೆ, ಚಿಕ್ಕಪ್ಪನ ಮಗಳ ಮನೆಗೆ ಹೋಗಿದ್ದಾಳೆ. ಫೋನು ಎದೆಯ ಮೇಲಿಟ್ಟುಕೊಂಡು ಕುರ್ಚಿಗೆ ಒರಗಿದವನಿಗೆ ಎಚ್ಚರವಾದಾಗ ಮಧ್ಯಾಹ್ನ. ಅವಳು ಮತ್ತೆ ಕರೆ ಮಾಡುತ್ತಿದ್ದಳು.

"ಮೂರನೇ ಸಲ ಹಚ್ಚಾಕತ್ತೀನಿ. ಎಲ್ಲಿ ಹೋಗಿದ್ದಿ?"

"ಮಲಗಿದ್ದೆ, ಯಕ್ಕಾ."

ನಾನು ಹಗಲು ನಿದ್ದೆ ಮಾಡಿದ್ದನ್ನು ಅವಳು ಕಂಡೇ ಇಲ್ಲ.

"ಛಲೋ ಆತು," ಅಂದಳು. "ಇನ್ನೊಂದೀಟು ಮಲಗು."