ಬೆಂಚಿನ ಹಿಂದೆ ನಿಲ್ಲುವವರು

ಸರೋಜಾ ಕುರುಗೋಡಿನವಳು. ಸಿರುಗುಪ್ಪದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಲವತ್ತು ದಾಟಿದೆ, ಮದುವೆಯಾಗಿಲ್ಲ. ಅಣ್ಣನ ಮಕ್ಕಳು ದೊಡ್ಡವರಾದಂತೆ ಮನೆಯಲ್ಲಿ ಜಾಗ ಸಾಲದಾಯಿತು. ಯಾರಾದರೂ ಬಾಯಿಬಿಟ್ಟು ಹೇಳುವ ಮೊದಲೇ ಅವಳು ಸಿರುಗುಪ್ಪದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಳು.

ಕೆಳಗಿನ ಮನೆಯಲ್ಲಿ ಗಂಗೋತ್ರಿ ಇದ್ದಳು, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಸರೋಜಾ ಮೆಟ್ಟಿಲ ಮಧ್ಯೆ ಏದುಸಿರು ಬಿಡುತ್ತಾ ನಿಲ್ಲುವುದನ್ನು ನೋಡಿ, ಒಂದು ಸಂಜೆ ಕೈಹಿಡಿದು ಜಿಮ್ಮಿಗೆ ಕರೆದೊಯ್ದವಳು ಅವಳೇ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮೇಲಿನ ಜಿಮ್ ಅದು. ನಡೆಸುವವನು ಓಬಣ್ಣ. ಸಂಜೆ ಒಂದು ತಾಸು ಹೆಂಗಸರಿಗೆಂದು ಬಿಟ್ಟಿದ್ದ. ಮೊದಮೊದಲು ಹಲವರು ಬಂದರು. ಬೇಸಿಗೆ ಕಳೆಯುವಷ್ಟರಲ್ಲಿ ಉಳಿದದ್ದು ಇವರಿಬ್ಬರೇ.

ಸರೋಜಾ ದಿನಾ ತೂಕದ ಯಂತ್ರ ಹತ್ತಿ ಇಳಿದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ಗಂಗೋತ್ರಿ ಅದನ್ನು ಬಿಡಿಸಿದಳು.

“ಅಕ್ಕಾ, ನಿನ್ನ ತೂಕ ಬಿಡು. ನೀ ಎತ್ತಿದ್ದರ ತೂಕ ಅಷ್ಟ ಬರದಿಡು.”

ಅಂದಿನಿಂದ ಸರೋಜಾ ಹಾಲಿನ ಲೆಕ್ಕ ಹಾಕುವ ಕ್ಯಾಲೆಂಡರಿನಲ್ಲೇ ಜಿಮ್ಮಿಗೆ ಹೋದ ದಿನ ಒಂದು ಅಂಕಿ ಬರೆಯತೊಡಗಿದಳು. ವಾರಗಟ್ಟಲೆ ಅದೇ ಅಂಕಿ ಇರುತ್ತಿತ್ತು. ಆಮೇಲೊಂದು ದಿನ ಎರಡೂವರೆ ಕಿಲೋ ಏರುತ್ತಿತ್ತು. ಬೇಸರವಾದಾಗ ಹಿಂದಿನ ಹಾಳೆ ತಿರುವುವಳು. ತೂಕವನ್ನೇ ಹಾಕದ ಬರೀ ರಾಡು ಎತ್ತಿದ ದಿನಗಳು ಅಲ್ಲಿದ್ದವು. ಮರುದಿನ ಹೋಗಲು ಅಷ್ಟು ಸಾಕಾಗುತ್ತಿತ್ತು.

ಅವಳಿಗೆ ಹಿಡಿಸಿದ್ದು ಬೆಂಚ್ ಪ್ರೆಸ್. ಅಂಗಾತ ಮಲಗಿ, ರಾಡನ್ನು ಎದೆಯ ತನಕ ಇಳಿಸಿ ಮತ್ತೆ ಮೇಲಕ್ಕೆ ತಳ್ಳಬೇಕು. ಕೈ ಸೋತರೆ ಹಿಡಿಯಲು ತಲೆಯ ಹಿಂದೆ ಒಬ್ಬರು ನಿಂತಿರಬೇಕು. ಗಂಗೋತ್ರಿ ನಿಲ್ಲುತ್ತಿದ್ದಳು. ಅವಳ ತಲೆಕೆಳಗಾದ ಮುಖ ನೋಡುತ್ತಲೇ ಸರೋಜಾ ಮೂವತ್ತು ಕಿಲೋ ಮುಟ್ಟಿದಳು.

ಅಷ್ಟರಲ್ಲಿ ಗಂಗೋತ್ರಿಯ ಗಂಡನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿಯಾಯಿತು. ಒಬ್ಬಳಿಗಾಗಿ ಒಂದು ತಾಸು ಜಿಮ್ ಖಾಲಿ ಇಡುವುದು ಆಗದ ಮಾತೆಂದು ಓಬಣ್ಣ ಸಂಕೋಚದಿಂದಲೇ ಹೇಳಿದ. ಬೆಳಿಗ್ಗೆ ಬಂದರೆ ಗದ್ದಲ ಕಡಿಮೆ, ಬೇಕಾದರೆ ಬೆಂಚಿನ ಹಿಂದೆ ತಾನೇ ನಿಲ್ಲುತ್ತೇನೆ ಎಂದ. ಸರೋಜಾ ಬೆಳಿಗ್ಗೆ ಬರಲು ಒಪ್ಪಿದಳು, ಹಿಂದೆ ನಿಲ್ಲುವುದು ಬೇಡವೆಂದಳು. ಗಂಡಸೊಬ್ಬ ತಲೆಯ ಮೇಲೆ ಬಗ್ಗಿ ನಿಂತರೆ ಕೈಯಲ್ಲಿ ಶಕ್ತಿ ಉಳಿಯುವುದಿಲ್ಲ ಅನಿಸಿತು. ಬೆಂಚ್ ಬಿಟ್ಟಳು. ನೆಲದ ಮೇಲಿನ ರಾಡನ್ನು ಸೊಂಟದ ಮಟ್ಟಕ್ಕೆ ಎತ್ತುವುದನ್ನಷ್ಟೇ ಉಳಿಸಿಕೊಂಡಳು. ಆಗದಿದ್ದರೆ ಅದನ್ನು ಕೆಳಗೆ ಬಿಟ್ಟುಬಿಡಬಹುದು, ಇನ್ನೊಬ್ಬರು ಬೇಕಿಲ್ಲ.

ಬೆಳಿಗ್ಗೆ ಬರುವವರು ಕಿವಿಗೆ ಹಾಡು ಸಿಕ್ಕಿಸಿಕೊಂಡು ತಮ್ಮ ಪಾಡಿಗೆ ಇರುತ್ತಿದ್ದರು. ಕಚೇರಿಯಲ್ಲಿ ಇವಳು ಭಾರ ಎತ್ತುವ ಸಂಗತಿಯೇ ಯಾರಿಗೂ ಗೊತ್ತಿರಲಿಲ್ಲ. ದಿನದ ಅಂಕಿಯನ್ನು ಫೋನಿನಲ್ಲಿ ಗಂಗೋತ್ರಿಗೆ ಕಳಿಸುವಳು. ಮೊದಲು ಕೂಡಲೇ ಉತ್ತರ ಬರುತ್ತಿತ್ತು, ಆಮೇಲೆ ಮರುದಿನ, ಆಮೇಲೆ ಬರೀ ಒಂದು ಹೆಬ್ಬೆರಳಿನ ಚಿತ್ರ. ಅದೂ ನಿಂತಿತು. ಸರೋಜಾ ಕಳಿಸುತ್ತಲೇ ಇದ್ದಳು.

ಒಂದು ಭಾನುವಾರ ತಡೆಯಲಾರದೆ ಬಳ್ಳಾರಿಯಲ್ಲಿ ಬಸ್ಸು ಬದಲಿಸಿ ಕುಡತಿನಿಗೆ ಹೋದಳು. ಗಂಗೋತ್ರಿ ಅಪ್ಪಿಕೊಂಡಳು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾಡಿದಳು, ಹೊಸ ಮನೆಯ ನೀರಿನ ತಾಪತ್ರಯ, ಅತ್ತೆಯ ಮಂಡಿನೋವು ಎಲ್ಲ ಹೇಳಿದಳು. ಜಿಮ್ಮಿನ ಮಾತು ಬರಲೇ ಇಲ್ಲ. ಕೊನೆಗೆ ಸರೋಜಾಳೇ ತೆಗೆದಳು, ಇಲ್ಲಿ ಎಲ್ಲಿ ಹೋಗುತ್ತೀಯ ಎಂದು.

“ಎಲ್ಲಿ ಹೋಗ್ಲಿ ಅಕ್ಕಾ, ಬಿಟ್ಟು ಭಾಳ ದಿನಾತು.” ಗಂಗೋತ್ರಿ ತಟ್ಟೆ ಎತ್ತುತ್ತಾ ಹೇಳಿದಳು. “ನಿನ್ನ ಮೆಸೇಜು ಬಂದಾಗೆಲ್ಲ ನನಗ ಕೆಟ್ಟ ಅನಸ್ತಿತ್ತು. ಅದಕ್ಕ ತೆಗದು ನೋಡೋದೂ ಬಿಟ್ಟೆ.”

ಸರೋಜಾ ಇರಲಿ ಬಿಡು ಎಂದಳು. ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಸಿಟ್ಟು ಬರಲಿಲ್ಲ. ಬೀಗ ಹಾಕಿದ್ದ ಮನೆಯ ಬಾಗಿಲನ್ನು ತಾನು ಇಷ್ಟು ದಿನ ಬಡಿಯುತ್ತಿದ್ದೆ ಅನಿಸಿತು. ಆದರೂ ಆ ಬೆಳಿಗ್ಗೆಗಳಲ್ಲಿ ಎತ್ತಿದವಳು ತಾನೇ. ಅಲ್ಲಿ ನೋಡಲು ಗಂಗೋತ್ರಿ ಇರಲಿಲ್ಲ. ಇದರಿಂದ ಸಮಾಧಾನವಾಯಿತೋ ಇನ್ನಷ್ಟು ಒಂಟಿ ಅನಿಸಿತೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಜಿಮ್ಮಿನಲ್ಲಿ ಓಬಣ್ಣನ ಬಳಿ ಹೋದಳು.

“ಬೆಂಚಿನ ಹಿಂದ ಸ್ವಲ್ಪ ನಿಂದರ್ತೀರೇನ್ರಿ?”

ಅವನು ಟವಲು ಹೆಗಲಿಗೆ ಹಾಕಿಕೊಂಡು ಬಂದು ನಿಂತ. ಅವಳ ಮುಖ ನೋಡಲಿಲ್ಲ, ರಾಡನ್ನಷ್ಟೇ ನೋಡುತ್ತಿದ್ದ. ತಿಂಗಳುಗಟ್ಟಲೆ ಬೆಂಚ್ ಬಿಟ್ಟಿದ್ದರಿಂದ ಮೂವತ್ತು ಕಿಲೋ ಭಾರವಾಯಿತು. ಎದೆಯಿಂದ ಅರ್ಧ ಎತ್ತರಕ್ಕೆ ಬಂದು ರಾಡು ನಿಂತುಬಿಟ್ಟಿತು. ಅವನು ಎರಡು ಬೆರಳು ತಾಗಿಸಿ ಮೇಲೆ ತಂದ.

“ಇಪ್ಪತ್ತೈದರಿಂದ ಮತ್ತ ಸುರು ಮಾಡ್ರಿ ಮೇಡಂ. ನಾ ಇಲ್ಲೇ ಇರ್ತೀನಿ.”

ಅವಳು ಇಪ್ಪತ್ತೈದು ಹಾಕಿಸಿ ಐದು ಸಲ ಎತ್ತಿದಳು. ಆ ದಿನದ ಅಂಕಿ ಯಾರಿಗೂ ಕಳಿಸಲಿಲ್ಲ. ಎದ್ದು ಬೆಂಚಿನ ಮೇಲಿನ ಬೆವರು ಒರೆಸಿ, ಕಾಯುತ್ತಿದ್ದವರಿಗೆ ಬಿಟ್ಟುಕೊಟ್ಟಳು.