ಗೌರಮ್ಮನವರ ಹೆಬ್ಬೆರಳು

ಕಣ್ಣಿಗೆ ಕಾಣದ್ದನ್ನು ನಾನು ನಂಬುವವಳಲ್ಲ. ದೇವರ ಮುಂದೆ ಕೈ ಮುಗಿಯುವಾಗಲೂ ಒಂದಿಷ್ಟು ಅನುಮಾನ ಇಟ್ಟುಕೊಂಡೇ ಮುಗಿಯುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಇಷ್ಟು ವರ್ಷ ಸಂಕೋಚಪಟ್ಟೆ.

ಐವತ್ತರ ದಶಕದ ಆರಂಭ. ಇಂಟರ್‌ಮೀಡಿಯೆಟ್ ಮುಗಿಸಿ ಬಸವನಗುಡಿಯ ಮನೆಯಲ್ಲಿ ಕೂತಿದ್ದೆ. ಕೈಯಿಂದಲೇ ಮೂಳೆ, ಕೀಲು ಸರಿಪಡಿಸುವ ಆಸ್ಟಿಯೋಪಥಿ ಎಂಬ ವೈದ್ಯಪದ್ಧತಿ ಅಮೆರಿಕದಲ್ಲಿದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿ, ಅದನ್ನೇ ಕಲಿಯುತ್ತೇನೆಂದು ಹಟ ಹಿಡಿದೆ. ಅಪ್ಪ ಬೈಯಲಿಲ್ಲ. ಅಮೆರಿಕದ ಮಾತು ಆಮೇಲೆ, ಮೊದಲು ಚಾಮರಾಜಪೇಟೆಯ ಗೌರಮ್ಮನವರ ಹತ್ತಿರ ಹೋಗಿ ಕೂತು ನೋಡು ಎಂದರು. ಮೂಳೆ ಕಟ್ಟುವುದರಲ್ಲಿ ಹೆಸರಾದವರು ಅವರು. ಅರವತ್ತು ದಾಟಿದ ಸಣ್ಣ ಜೀವ. ಹಣೆಯ ತುಂಬ ವಿಭೂತಿ, ಕಬ್ಬಿಣದಂಥ ಬೆರಳು.

ಎರಡು ತಿಂಗಳು ದಿನವೂ ಹೋದೆ. ಎಣ್ಣೆ ಬಿಸಿ ಮಾಡುವುದು, ಬಿದಿರಿನ ದಬ್ಬೆ ಎತ್ತಿಕೊಡುವುದು ನನ್ನ ಕೆಲಸ. ರೋಗಿಯ ಮೈ ಮುಟ್ಟಲು ಅವರು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ನಾಮಕರಣಕ್ಕೆಂದು ಓಕಳಿಪುರಕ್ಕೆ ಹೋಗಿದ್ದರು. ಆಗಲೇ ಕಲಾಸಿಪಾಳ್ಯದಲ್ಲಿ ತರಕಾರಿ ಮಾರುವ ಮುನಿಯಮ್ಮನನ್ನು ಅವಳ ಗಂಡ ಜಟಕಾದಲ್ಲಿ ಕರೆತಂದ. ಬುಟ್ಟಿ ಹೊತ್ತು ಜಾರಿಬಿದ್ದು ಭುಜದ ಕೀಲು ತಪ್ಪಿತ್ತು. ಆಸ್ಪತ್ರೆಗೆ ಹೋಗಿ ಎಂದೆ. ಕೈ ಕತ್ತರಿಸಿಬಿಡುತ್ತಾರೆ ಎಂಬ ಹೆದರಿಕೆ ಅವಳಿಗೆ, ಒಪ್ಪಲಿಲ್ಲ. ನಾನಿನ್ನೂ ಕಲಿಯುವವಳು ಎಂದೆ.

"ಕಲ್ತಷ್ಟೇ ಮಾಡಿ ಅಮ್ಮಾ," ಎಂದಳು. ನೋವಿಗೆ ಅವಳ ತುಟಿ ಬಿಳಚಿಕೊಂಡಿತ್ತು.

ನಾನು ತಪ್ಪಿದರೆ ಅವಳ ದುಡಿಯುವ ಕೈ ಹೋಗುತ್ತಿತ್ತು. ಆದರೂ ಭುಜ ಹಿಡಿದೆ. ಎಲ್ಲಿ ಒತ್ತಬೇಕೆಂದು ತೋಚಲಿಲ್ಲ. ಆಗ ನನ್ನ ಹೆಬ್ಬೆರಳಿನ ಮೇಲೆ ಇನ್ನೊಂದು ಹೆಬ್ಬೆರಳು ಬಂದು ಕೂತಿತು. ಬೆಚ್ಚಗಿತ್ತು, ಒರಟಾಗಿತ್ತು. ನನ್ನ ಬೆರಳನ್ನು ತುಸು ಕೆಳಕ್ಕೆ ಸರಿಸಿ ಒತ್ತಿತು. ಲಟಕ್ಕೆಂದು ಕೀಲು ಕೂತಿತು. ಮುನಿಯಮ್ಮ ದೀರ್ಘವಾಗಿ ಉಸಿರುಬಿಟ್ಟು ನಕ್ಕಳು. ಹಿಂತಿರುಗಿ ನೋಡಿದೆ. ಬಾಗಿಲಲ್ಲಿ ಅವಳ ಗಂಡನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಗೌರಮ್ಮನವರು ಬಂದದ್ದು ಸಂಜೆ. ಮುನಿಯಮ್ಮ ಹೋಗಿ ಬಹಳ ಹೊತ್ತಾಗಿತ್ತು, ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅವರು ಜಗಲಿಯ ಮೇಲೆ ಕೂತು ಬಲಗೈ ಹೆಬ್ಬೆರಳನ್ನು ನೀವಿಕೊಂಡರು.

"ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ ಹಿಡ್ಕೊಳ್ತು ಕಣೇ. ಯಾರ ಭುಜ ಕೂರಿಸ್ದೆ?"

ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಹೆದರಿದ್ದೆಯಾ ಎಂದಷ್ಟೇ ಕೇಳಿ, ನಾಮಕರಣದ ಮನೆಯಿಂದ ತಂದ ಲಾಡನ್ನು ನನ್ನ ಕೈಗಿಟ್ಟರು.

ಅಮೆರಿಕಕ್ಕೆ ಹೋಗಲಾಗಲಿಲ್ಲ. ಇಲ್ಲೇ ಓದಿ ಮೂಳೆಯ ಡಾಕ್ಟರಾದೆ. ಆ ಬಗ್ಗೆ ನನಗೆ ತೃಪ್ತಿಯಿದೆ. ಅಂದು ಇನ್ನೊಂದು ಹೆಬ್ಬೆರಳು ಮುಟ್ಟಿದಂತೆ ಗಾಬರಿಯಲ್ಲಿ ನನಗೆ ಅನ್ನಿಸಿರಬಹುದು, ಒಪ್ಪುತ್ತೇನೆ. ಆದರೆ ಓಕಳಿಪುರದಲ್ಲಿದ್ದ ಗೌರಮ್ಮನವರ ಹೆಬ್ಬೆರಳಿಗೆ ನೋವು ಯಾಕೆ ಬಂತು? ಈ ಒಂದು ಪ್ರಶ್ನೆಯನ್ನು ನನ್ನ ಓದೆಲ್ಲ ಸೇರಿದರೂ ಮುಟ್ಟಲಾಗಿಲ್ಲ.